ಕಾಲು ಮೇಲೆ ಹಾಕಿ ಕೂತ ಆರು ವಾರ

"ಬನಿಯನ್ ಆಪರೇಷನ್ನಾ? ಅದೆಂತ ಮಾರಾಯ್ತಿ, ಬನಿಯನ್ ಅಂದ್ರೆ ಅಂಗಿ ಒಳ್ಗೆ ಹಾಕುದಲ್ದಾ?"

ಆಚೆಮನೆಯ ಅಕ್ಕ ಹೀಗೆ ಕೇಳಿದಾಗ ನಾನು ಚಾವಡಿಯ ಮಂಚದ ಮೇಲೆ ಮಲಗಿದ್ದೆ. ಬಲಗಾಲು ಮೂರು ದಿಂಬುಗಳ ಮೇಲೆ ಆನೆಗುಡ್ಡೆ ಗಣಪತಿಯ ಉತ್ಸವಮೂರ್ತಿಯ ಹಾಗೆ ವಿರಾಜಮಾನವಾಗಿತ್ತು. ಅವರ ತಪ್ಪೇನೂ ಇಲ್ಲ. ಡಾಕ್ಟರ ಬಾಯಿಂದ ಆ ಹೆಸರು ಮೊದಲು ಕೇಳಿದ ದಿನ ನನ್ನ ಯಜಮಾನರೂ ತಮ್ಮ ಅಂಗಿಯ ಕಾಲರ್ ಮುಟ್ಟಿ ನೋಡಿಕೊಂಡಿದ್ದರು. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇ ಇಲ್ಲ. 'ಹೆಬ್ಬೆರಳಿನ ಗಂಟು' ಅನ್ನುತ್ತೇವೆ, ಅಷ್ಟೆ. ನನ್ನ ಅಮ್ಮನಿಗೂ ಇತ್ತು. ಮಳೆಗಾಲದ ರಾತ್ರಿಗಳಲ್ಲಿ ಎಣ್ಣೆ ಬಿಸಿ ಮಾಡಿ ಅದಕ್ಕೆ ತಿಕ್ಕುತ್ತಾ ಕೂರುತ್ತಿದ್ದಳು. ಕರಗಲಿಲ್ಲ.

ಕರಗುವ ವಸ್ತು ಅದಲ್ಲ ಎಂದು ನನಗೆ ತಿಳಿದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದಾಗ. ಅಲ್ಲಿ ಹೊಸದಾಗಿ ಬೆಳೆದ ಎಲುಬಿನ ಉಂಡೆ ಇರಲಿಲ್ಲ. ಹೆಬ್ಬೆರಳಿನ ಹಿಂದೆ ಪಾದದೊಳಗಿರುವ ಉದ್ದ ಎಲುಬು ನಿಧಾನವಾಗಿ ಇನ್ನೊಂದು ಕಾಲಿನ ಕಡೆಗೆ ವಾಲಿತ್ತು. ಬೆರಳು ಮಾತ್ರ ಅದಕ್ಕೆ ವಿರುದ್ಧವಾಗಿ ಪಕ್ಕದ ಬೆರಳಿನ ಮೇಲೆ ಒರಗಿತ್ತು. ಇವೆರಡೂ ಸೇರುವ ಮೂಲೆ ಹೊರಗೆ ತಳ್ಳಿ ಬಂದು ಗಂಟಿನ ಹಾಗೆ ಕಾಣುತ್ತಿತ್ತು. ಬಾಗಿಲಿನ ಚೌಕಟ್ಟು ಸೊಟ್ಟಗಾದರೆ ಮೂಲೆಗೆ ಎಷ್ಟು ಎಣ್ಣೆ ಹಾಕಿದರೇನು?

ಆಪರೇಷನ್ ಬೇಕೇ ಎಂದು ಎರಡು ವರ್ಷ ಎಳೆದಾಡಿದೆ. ಎಳೆದಾಡಿ ಎಂದು ಡಾಕ್ಟರೂ ಹೇಳಿದ್ದರು. ಮುಂದೆ ಅಗಲವಿರುವ ಚಪ್ಪಲಿ, ಬೆರಳುಗಳ ನಡುವೆ ಇಡುವ ಮೆತ್ತನೆಯ ತುಂಡು, ನೋವು ಹೆಚ್ಚಾದಾಗ ಮಾತ್ರೆ, ಇವನ್ನೆಲ್ಲ ಮೊದಲು ನೋಡಬೇಕು. ಬೆರಳ ನಡುವಿನ ತುಂಡು ನೋವಿಗೆ ಹಿತವೇ ಹೊರತು ವಾಲಿದ ಎಲುಬನ್ನು ಸರಿ ಮಾಡದು. ಕಾಲು ಚಂದ ಕಾಣಲಿ ಎಂದು ಮಾಡಿಸುವ ಆಪರೇಷನ್ ಇದಲ್ಲ, ನಡೆಯಲಾಗದಷ್ಟು ನೋವಿದ್ದರೆ ಬನ್ನಿ ಎಂದು ಅವರು ಖಂಡಿತವಾಗಿ ಹೇಳಿದ್ದರು. ನಾನು ಶಾಲೆಯ ಟೀಚರು. ಐದು ಪೀರಿಯಡ್ ನಿಂತು ಪಾಠ ಮಾಡಿ, ಆರನೆಯದಕ್ಕೆ ಮೇಜಿನ ಅಂಚಿನಲ್ಲಿ ಕೂರುವ ಪರಿಸ್ಥಿತಿ ಬಂದಿತ್ತು. ಸಂಕಷ್ಟಿಯ ದಿನ ಹೆದ್ದಾರಿಯ ಸ್ವಾಗತಗೋಪುರದಿಂದ ದೇವಸ್ಥಾನದವರೆಗಿನ ಏರು ಹತ್ತುವಾಗ ಎರಡು ಕಡೆ ನಿಲ್ಲತೊಡಗಿದ್ದೆ. ಹುಟ್ಟಿದಾಗಿನಿಂದ ಓಡಾಡಿದ ಏರು ಅದು. ದೀಪಾವಳಿ ಕಳೆಯಲಿ ಎಂದುಕೊಂಡು ನವೆಂಬರಿನಲ್ಲಿ ದಿನ ಗೊತ್ತು ಮಾಡಿದೆವು.

ಕಾಲುಂಗುರ ಮತ್ತು ಎಡಗಾಲು

ಆಸ್ಪತ್ರೆಯಲ್ಲಿ ನಡೆದದ್ದು ಹೇಳಲು ಹೆಚ್ಚಿಲ್ಲ. ಸೊಂಟದ ಕೆಳಗೆ ಮರಗಟ್ಟಿಸಿ, ವಾಲಿದ ಎಲುಬನ್ನು ಕತ್ತರಿಸಿ, ಸರಿಸಿ, ಎರಡು ಪುಟ್ಟ ಸ್ಕ್ರೂ ಹಾಕಿ ಕೂರಿಸಿದರು. ಒಂದು ಗಂಟೆಯ ಕೆಲಸ. ಎರಡನೆಯ ದಿನ ಮನೆಗೆ ಕಳಿಸಿದರು. ಡಾಕ್ಟರ ಕೆಲಸ ಗಂಟೆಯದ್ದು, ಮನೆಯವರ ಕೆಲಸ ತಿಂಗಳುಗಳದ್ದು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಹೇಳಿದ್ದರೂ ನಮಗೆ ಅರ್ಥವಾಗುತ್ತಿರಲಿಲ್ಲವೋ ಏನೋ.

ಮೊದಲ ತಕರಾರು ಎದ್ದದ್ದು ಆಪರೇಷನ್ನಿನ ಹಿಂದಿನ ದಿನವೇ. ಕಾಲುಂಗುರ ತೆಗೆಯಬೇಕು ಎಂದರು ನರ್ಸಮ್ಮ. ಬೆರಳುಗಳೆಲ್ಲ ಬಾತುಕೊಂಡರೆ ಉಂಗುರ ಬಿಗಿದು ರಕ್ತ ಓಡಾಟವೇ ನಿಲ್ಲಬಹುದು. ಕಾರಣ ಸರಿಯೇ. ಆದರೆ ಮದುವೆಯಾದ ಇಪ್ಪತ್ತೆರಡು ವರ್ಷ ಒಂದು ದಿನವೂ ತೆಗೆಯದ ಬೆಳ್ಳಿ ಅದು. ಸೋಪು ಹಚ್ಚಿ ಎಳೆದಾಗ ಅತ್ತೆ ಮುಖ ಆಚೆ ತಿರುಗಿಸಿದರು. ಆಮೇಲೆ ಅವರೇ ಅದನ್ನು ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮನೆಗೆ ಬಂದು ದೇವರಕೋಣೆಯ ದೀಪದ ಬುಡದಲ್ಲಿಟ್ಟರು.

ಎರಡನೆಯ ತಕರಾರು ನಮ್ಮ ಮನೆಯ ಹೊಸ್ತಿಲಲ್ಲಿ. ನಮ್ಮದು ಹಳೆಯ ಹೆಂಚಿನ ಮನೆ. ಅಂಗಳದಿಂದ ಜಗಲಿಗೆ ಎರಡು ಮೆಟ್ಟಿಲು, ಜಗಲಿಯಿಂದ ಚಾವಡಿಗೆ ಗೇಣುದ್ದದ ಹೊಸ್ತಿಲು. ವಾಕರ್ ಹಿಡಿದು ನಡೆಯುವುದನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೈಭಾರ ಎತ್ತುವ ಕೆಲಸ ಯಾವಾಗಲೂ ಗಟ್ಟಿ ಕಾಲಿಗೇ ಬೀಳಬೇಕು. ನನ್ನ ಗಟ್ಟಿ ಕಾಲು ಎಡದ್ದು. ಅತ್ತೆ ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದವರು "ಬಲ್ದ್ ಕಾಲ್ ಇಟ್ಕಂಡ್ ಬಾ ಹೆಣೇ" ಎಂದರು. ಮದುವೆಯ ದಿನವೂ ಇದೇ ಹೊಸ್ತಿಲಲ್ಲಿ ಇದೇ ಮಾತು ಹೇಳಿದ್ದರು. ನಾನು ಎಡಗಾಲು ಎತ್ತಿದೆ. ಅತ್ತೆ ಒಂದು ಕ್ಷಣ ತಡೆದು, "ಆಯ್ಲಿ, ಅಡ್ಡಿಲ್ಲ. ದೇವ್ರಿಗ್ ಗೊತ್ತಿತ್ತ್" ಎಂದು ಆರತಿ ಎತ್ತಿದರು.

ಮನೆಯೊಂದು ಕಾಲಿಗೆ ಎಷ್ಟು ಅಡ್ಡಿಗಳನ್ನು ಇಟ್ಟುಕೊಂಡಿರುತ್ತದೆ ಎಂಬುದು ವಾಕರ್ ಹಿಡಿದ ಮೇಲೆ ಕಾಣುತ್ತದೆ. ಕಾಲೊರಸು ಚಾಪೆಗಳು, ಮಿಕ್ಸಿಯ ವಯರು, ಬಾಗಿಲಲ್ಲೇ ಮಲಗುವ ಬೆಕ್ಕು. ಕೆಂಪು ಸಿಮೆಂಟಿನ ನೆಲವಂತೂ ನಾನು ಇಪ್ಪತ್ತೆರಡು ವರ್ಷ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದೆ, ಜಾರಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಗಳು ಚಾಪೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದಳು. ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸಿನ ಮೇಲೆ ಇಡಲು ನಡುವೆ ತೂತಿರುವ ಕುರ್ಚಿಯೊಂದನ್ನು ಕುಂದಾಪುರದಿಂದ ತಂದರು. ಬಚ್ಚಲಿಗೊಂದು ಪ್ಲಾಸ್ಟಿಕ್ ಕುರ್ಚಿ. ಬ್ಯಾಂಡೇಜಿಗೆ ನೀರು ತಾಗಬಾರದೆಂದು ಕಾಲಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಕಟ್ಟಿ, ಅದನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು ಮೀಯುತ್ತಿದ್ದೆ. ಆಪರೇಷನ್ನಿಗೆ ಮೊದಲೇ ಇವುಗಳನ್ನೆಲ್ಲ ಹೊಂದಿಸಿ ಇಟ್ಟುಕೊಳ್ಳಬೇಕಿತ್ತು. ನಾವು ಬಂದ ದಿನ ಓಡಾಡಿದೆವು, ನೀವು ಹಾಗೆ ಮಾಡಬೇಡಿ.

ಕಾಲು ಎದೆಗಿಂತ ಮೇಲೆ

ಮರಗಟ್ಟಿಸಿದ ಮದ್ದಿನ ಪ್ರಭಾವ ಇಳಿದ ಮೇಲೆ ನೋವು ಬರುತ್ತದೆ, ಅದು ಬರುವ ಮೊದಲೇ ಮಾತ್ರೆ ತಗೊಳ್ಳಿ ಎಂದಿದ್ದರು. ನಾನು ಜಾಣೆ, ನೋವಿಲ್ಲವಲ್ಲ, ಯಾಕೆ ಸುಮ್ಮನೆ ಮಾತ್ರೆ ಎಂದು ಬಿಟ್ಟೆ. ಆ ರಾತ್ರಿ ಒಂದೂವರೆಗೆ ಎಚ್ಚರಾದಾಗ ಪಾದದೊಳಗೆ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದರು. ಎರಡು ಮೂರು ದಿನ ಹಾಗೇ. ಆಮೇಲೆ ಗಡಿಯಾರ ನೋಡಿ ಮಾತ್ರೆ ತಗೊಳ್ಳುವುದನ್ನು ಮಗಳ ಕೈಗೆ ಒಪ್ಪಿಸಿದೆ.

ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದು ದಿಂಬುಗಳು. ಮೊದಲ ಎರಡು ವಾರ ಗಂಟೆಗೆ ಹತ್ತು ನಿಮಿಷ ಮಾತ್ರ ಕಾಲು ಕೆಳಗೆ, ಉಳಿದ ಐವತ್ತು ನಿಮಿಷ ಮೇಲೆ. ಮೇಲೆ ಅಂದರೆ ಸ್ಟೂಲಿನ ಮೇಲಲ್ಲ, ಎದೆಯ ಮಟ್ಟಕ್ಕಿಂತ ಮೇಲೆ. ಯಾಕೆಂದು ತಿಳಿಯಲು ಡಾಕ್ಟರು ಬೇಡ, ಕಾಲನ್ನು ಐದು ನಿಮಿಷ ಕೆಳಗೆ ಬಿಟ್ಟರೆ ಸಾಕು. ಬ್ಯಾಂಡೇಜಿನಿಂದ ಇಣುಕುವ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಒಳಗೆ ಡಬಡಬ ಬಡಿಯತೊಡಗುತ್ತವೆ. ಮೇಲೆತ್ತಿದರೆ ರಕ್ತ, ನೀರು ಇಳಿದು ಬಾವು ತಗ್ಗುತ್ತದೆ, ಬಾವು ತಗ್ಗಿದರೆ ನೋವೂ ತಗ್ಗುತ್ತದೆ, ಗಾಯವೂ ಬೇಗ ಕೂಡುತ್ತದೆ. ಬ್ಯಾಂಡೇಜ್ ದಪ್ಪವಿದ್ದುದರಿಂದ ಐಸನ್ನು ಬಟ್ಟೆಯಲ್ಲಿ ಸುತ್ತಿ ಮೊಣಕಾಲಿನ ಹಿಂದೆ ಇಡಲು ಹೇಳಿದ್ದರು.

ಆದರೆ ಯೋಚಿಸಿ ನೋಡಿ. ಚಾವಡಿಯಲ್ಲಿ, ಬಂದವರಿಗೆಲ್ಲ ಪಾದ ತೋರಿಸಿಕೊಂಡು ಮಲಗುವುದು! ಹಿರಿಯರು ಬಂದರೆ ಚಾಚಿದ ಕಾಲು ಮಡಚಬೇಕು ಎಂದು ಕಲಿತ ಮೈ ಇದು. ದೊಡ್ಡಮಾವ ನೋಡಲು ಬಂದಾಗ ಗೊತ್ತಿಲ್ಲದೆಯೇ ಕಾಲು ಕೆಳಗಿಳಿಸಿಬಿಟ್ಟೆ. ಅರ್ಧ ಗಂಟೆ ಕೂತು ಮಾತಾಡಿದರು, ಅರ್ಧ ಗಂಟೆಯೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಅವರು ಹೋದ ಮೇಲೆ ಮಗಳು ಬೈದಳು. ಮರುದಿನ ಶಾಲೆಯ ಚಾರ್ಟ್ ಪೇಪರಿನಲ್ಲಿ ಬರೆದು ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿದಳು: 'ಡಾಕ್ಟರ ಆಜ್ಞೆಯ ಮೇರೆಗೆ ಕಾಲು ಮೇಲಿದೆ. ದಯವಿಟ್ಟು ಬೇಸರಿಸಬೇಡಿ.' ಇನ್ನೊಂದು ಸಮಸ್ಯೆ ದಿಕ್ಕಿನದ್ದು. ಮಂಚ ಇದ್ದ ಹಾಗೆ ಮಲಗಿದರೆ ಕಾಲು ದೇವರಕೋಣೆಯ ಕಡೆ. ತಿರುಗಿಸಿದರೆ ತಲೆ ಉತ್ತರಕ್ಕೆ. ಕೊನೆಗೆ ಯಜಮಾನರು ಮಂಚವನ್ನು ಓರೆಯಾಗಿ, ಯಾವ ದಿಕ್ಕಿಗೂ ಸೇರದ ಹಾಗೆ ಎಳೆದಿಟ್ಟರು. ಆರು ವಾರ ಚಾವಡಿಯಲ್ಲಿ ಹಾಗೇ ಅಡ್ಡಾದಿಡ್ಡಿ ನಿಂತಿತ್ತು ಅದು.

ಮಲಗಿದಲ್ಲೇ ಮಾಡಬೇಕಾದ ಕೆಲಸ ಒಂದಿತ್ತು. ಗಂಟೆಗೊಮ್ಮೆ ಮಣಿಗಂಟನ್ನು ಮೇಲೆ ಕೆಳಗೆ ಆಡಿಸುವುದು, ಹೊಲಿಗೆ ಮಿಷನ್ ತುಳಿದ ಹಾಗೆ. ಆಡಿಸದಿದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೀನಖಂಡ ಗಟ್ಟಿಯಾಗಿ ಊದಿ ನೋವಾದರೆ, ಜ್ವರ ಬಂದರೆ, ಬ್ಯಾಂಡೇಜಿನಿಂದ ಕೆಟ್ಟ ವಾಸನೆಯ ಕೀವು ಕಂಡರೆ ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಿ ಎಂದಿದ್ದರು. ಉಸಿರು ಕಟ್ಟಿದರಂತೂ ನೇರ ಆಸ್ಪತ್ರೆಗೇ. ದೇವರ ದಯೆ, ಯಾವುದೂ ಆಗಲಿಲ್ಲ.

ಹೊಟ್ಟೆಪಾಡು ಹೇಗೆ ನಡೆಯಿತೆಂದು ಕೇಳುತ್ತೀರಾ? ಬೆಳಿಗ್ಗೆ ಗಂಜಿ, ಚಟ್ನಿ. ಮಧ್ಯಾಹ್ನಕ್ಕೆ ಯಜಮಾನರು ಕಲಿತ ಒಂದೇ ಸಾರು. ಹೆರಮಣೆಯ ಮೇಲೆ ಕೂತು ಕಾಯಿ ಹೆರೆಯಲು ಅವರಿಗೆ ಬಾರದು, ಅತ್ತೆಗೆ ಸೊಂಟ ಬಗ್ಗದು. ಮಗಳು ಹೆರೆದಳು. ಮೊದಲ ದಿನ ಚಿಪ್ಪಿನ ಪುಡಿಯೂ ಸೇರಿ ಸಾರು ಕಪ್ಪಾಗಿತ್ತು. ಹತ್ತನೆಯ ದಿನಕ್ಕೆ ನನಗಿಂತ ಬೆಳ್ಳಗೆ ಹೆರೆಯುತ್ತಿದ್ದಳು. ನಾನು ಮಲಗಿದಲ್ಲಿಂದಲೇ "ಉಪ್ಪು ಹಾಕಿದ್ರಾ? ಒಲೆ ಸಣ್ಣ ಮಾಡಿದ್ರಾ?" ಎಂದು ಕೂಗುತ್ತಿದ್ದೆ. ಒಂದು ದಿನ ಅಡಿಗೆಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡುಬಿಟ್ಟರು.

ಐದು ನೂರು ವರ್ಷದ ಹಳೇ ನೋವು

ಮಲಗಿ ಮಲಗಿ ಬೇಸರವಾದಾಗ ಮಗಳ ಸಹಾಯದಿಂದ ಈ ಗಂಟಿನ ಪೂರ್ವಾಪರ ಓದತೊಡಗಿದೆ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಹಳೆಯ ನಾಲ್ಕು ಸ್ಮಶಾನಗಳಿಂದ ಅಗೆದು ತೆಗೆದ 177 ಅಸ್ಥಿಪಂಜರಗಳ ಕಾಲುಗಳನ್ನು ಪರೀಕ್ಷಿಸಿ 2021ರಲ್ಲಿ ಒಂದು ಲೇಖನ ಪ್ರಕಟಿಸಿದ್ದಾರೆ. 11ರಿಂದ 13ನೆಯ ಶತಮಾನದವರಲ್ಲಿ ಶೇಕಡಾ 6 ಜನರಿಗಷ್ಟೇ ಹೆಬ್ಬೆರಳು ವಾಲಿತ್ತು. 14, 15ನೆಯ ಶತಮಾನದವರಲ್ಲಿ ಅದು ಶೇಕಡಾ 27! ಅಷ್ಟರಲ್ಲಿ ಏನಾಗಿತ್ತೆಂದರೆ, ಅಲ್ಲಿ ಉದ್ದ ಮೂತಿಯ ಚೂಪು ಬೂಟಿನ ಫ್ಯಾಷನ್ ಬಂದಿತ್ತು. ಇನ್ನೊಂದು ಸಂಗತಿ ಓದಿ ನನಗೆ ಮೈ ಜುಮ್ಮೆಂದಿತು. ಹೀಗೆ ಬೆರಳು ವಾಲಿದವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಬಿದ್ದು ಕೈ ಮುರಿದುಕೊಂಡ ಗುರುತುಗಳು ಹೆಚ್ಚಾಗಿದ್ದವಂತೆ. ಹೆಬ್ಬೆರಳು ನೆಟ್ಟಗಿಲ್ಲದಿದ್ದರೆ ಮೈಯ ಸಮತೋಲವೇ ತಪ್ಪುತ್ತದೆ. ನನ್ನಮ್ಮ ಕೊನೆಯ ದಿನಗಳಲ್ಲಿ ಬಾವಿಕಟ್ಟೆಯ ಬಳಿ ಎರಡು ಸಲ ಬಿದ್ದಿದ್ದಳು. ವಯಸ್ಸಾಯಿತು ಎಂದುಕೊಂಡಿದ್ದೆವು.

1958ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಇನ್ನೊಂದು ಅಧ್ಯಯನವಿದೆ. ದೋಣಿಗಳಲ್ಲೇ ಬದುಕುವ, ಬೂಟು ಕಾಣದ ಜನರನ್ನೂ ಬೂಟು ಹಾಕುವವರನ್ನೂ ಹೋಲಿಸಿದ್ದರು. ಬೂಟಿನವರಲ್ಲಿ ಶೇಕಡಾ 33 ಮಂದಿಗೆ ಈ ತೊಂದರೆ, ಬರಿಗಾಲಿನವರಲ್ಲಿ ಶೇಕಡಾ 2ಕ್ಕೂ ಕಡಿಮೆ. ಓದುವಾಗ ಗಂಗೊಳ್ಳಿಯ ಬಂದರಿನಲ್ಲಿ ಬಲೆ ಎಳೆಯುವವರ, ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಪಾದಗಳು ಕಣ್ಣ ಮುಂದೆ ಬಂದವು.

ಎಲ್ಲಕ್ಕಿಂತ ಆಶ್ಚರ್ಯ ಆದದ್ದು ನಮ್ಮ ಮಗ್ಗುಲಿನ ಮಣಿಪಾಲದ ಹೆಸರು ಕಂಡಾಗ. 1992ರಲ್ಲಿ ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಡಾ. ಉದಯ ಭಾಸ್ಕರ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಯ ಅಚ್ಚು ತೆಗೆದು ನೋಡಿದ ಅಧ್ಯಯನ ಬ್ರಿಟನ್ನಿನ ಎಲುಬು-ಕೀಲು ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅವರು ನೋಡಿದ್ದು ನನ್ನ ಗಂಟನ್ನಲ್ಲ, ಚಪ್ಪಟೆ ಪಾದವನ್ನು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇಕಡಾ 8.6 ಮಂದಿಗೆ ಪಾದ ಚಪ್ಪಟೆ, ಬರಿಗಾಲಲ್ಲಿ ಓಡಾಡುವವರಲ್ಲಿ ಶೇಕಡಾ 2.8. ಮುಂಭಾಗ ಪೂರ್ತಿ ಮುಚ್ಚಿದ ಬೂಟು ಹಾಕುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ನಮ್ಮೂರ ಕಡೆಯ ಮಕ್ಕಳ ಹೆಜ್ಜೆಗಳು ಜಗತ್ತಿನ ವೈದ್ಯರಿಗೆ ಪಾಠವಾದದ್ದು ನನ್ನಂಥ ಟೀಚರಿಗೇ ಮೂವತ್ತು ವರ್ಷ ತಿಳಿದಿರಲಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಬೂಟಿನ ಮೇಲೆ ಹೇರಿದರೆ ಅನ್ಯಾಯವಾದೀತು. ಮದುವೆಗೆ ಮೊದಲು ಬೆಂಗಳೂರಿನ ಒಂದು ಶಾಲೆಯಲ್ಲಿ ಮೂರು ವರ್ಷ ಮುಂದೆ ಚೂಪಾದ ಕಪ್ಪು ಬೂಟು ಹಾಕಿದ್ದೆ, ನಿಜ. ನನ್ನಮ್ಮ ಜೀವಮಾನದಲ್ಲಿ ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವಳಲ್ಲ, ಅವಳಿಗೂ ಇತ್ತಲ್ಲ? ಇದು ಮನೆತನದಲ್ಲಿ ಹರಿದು ಬರುವುದು ಹೆಚ್ಚು, ಹೆಂಗಸರಲ್ಲಿ ಇನ್ನೂ ಹೆಚ್ಚು ಎಂದರು ಡಾಕ್ಟರು. ಪಾದದ ಕಟ್ಟು ತಾಯಿಂದ ಬಂತು, ಬೂಟು ಅದನ್ನು ಬೇಗ ಕೆಡಿಸಿತು. ಈ ಮಾತು ಕೇಳಿದಾಗ ನನ್ನ ಕಣ್ಣು ಹೋದದ್ದು ಪಕ್ಕದಲ್ಲಿ ಕೂತಿದ್ದ ಹದಿಮೂರು ವರ್ಷದ ಮಗಳ ಕಾಲಿನ ಮೇಲೆ.

ಅತ್ತೆ ನನ್ನ ಬೆರಳು ಹಿಡಿದದ್ದು

ಹದಿನಾಲ್ಕನೆಯ ದಿನ ಹೊಲಿಗೆ ಬಿಚ್ಚಿದರು. ಇನ್ನು ಹೆಬ್ಬೆರಳನ್ನು ಕೈಯಿಂದ ಹಿಡಿದು ದಿನಕ್ಕೆ ಮೂರು ಸಲ ಮೇಲೆ ಕೆಳಗೆ ಮಡಚಬೇಕು, ಇಲ್ಲವಾದರೆ ಕೀಲು ಬಿಗಿದುಕೊಳ್ಳುತ್ತದೆ ಎಂದರು. ಕೇಳಲು ಸುಲಭ. ಹಸಿ ಗಾಯದ ಗುರುತಿರುವ, ಒಳಗೆ ಸ್ಕ್ರೂ ಇರುವ ಬೆರಳನ್ನು ನಾನೇ ಮಡಚಲು ನನಗೆ ಧೈರ್ಯ ಸಾಲಲಿಲ್ಲ. ಮುಟ್ಟುವುದು, ಕೈ ತೆಗೆಯುವುದು. ಯಜಮಾನರು ನನಗಿಂತ ಹೆದರಿದರು.

ಎರಡು ದಿನ ನೋಡಿದ ಅತ್ತೆ ಮೂರನೆಯ ದಿನ ಮಂಚದ ತುದಿಗೆ ಬಂದು ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಹಾವು ತುಳಿದವಳ ಹಾಗೆ ಕಾಲು ಹಿಂದೆಳೆದುಕೊಂಡೆ. ಎಪ್ಪತ್ತೆಂಟು ವರ್ಷದ ಅತ್ತೆ ಸೊಸೆಯ ಕಾಲು ಮುಟ್ಟುವುದೇ? ಹಬ್ಬಕ್ಕೆ ನಾನು ಅವರ ಕಾಲಿಗೆ ಬೀಳುವವಳು. "ಬೇಡ ಅತ್ತೆ, ಬೇಡ" ಎನ್ನುವಾಗ ನನಗೆ ಅಳುವೇ ಬಂತು.

"ನಾನೇನ್ ನಿನ್ ಕಾಲ್ ಹಿಡಿತಿಲ್ಲೆ ಮಾರಾಯ್ತಿ, ಬೆರಳ್ ಹಿಡಿತೆ. ಸುಮ್ನಿರ್" ಎಂದರು.

ಆಮೇಲೆ ಮಾತಿಲ್ಲ. ಬೆರಳಿನ ಬುಡ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ನಿಧಾನವಾಗಿ ಮೇಲಕ್ಕೆ, ತಡೆದು, ಮತ್ತೆ ಕೆಳಕ್ಕೆ. ಹತ್ತು ಸಲ. ಕೈ ಒರಟು, ಆದರೆ ಎಷ್ಟು ಹಗುರ! ಹಟ್ಟಿಯಲ್ಲಿ ಎಷ್ಟೋ ಕರುಗಳ ಕಾಲು ನೀವಿದ ಕೈ ಅದು. ಬೆರಳ ಸಂದಿನ ಒಣ ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ತೇವ ಉಳಿಯದ ಹಾಗೆ ಒತ್ತಿದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನಮ್ಮಿಬ್ಬರ ನಡುವೆ ಇಪ್ಪತ್ತೆರಡು ವರ್ಷ ಎಲ್ಲವೂ ಸಕ್ಕರೆಯಾಗಿತ್ತೆಂದೇನೂ ಅಲ್ಲ. ಆ ದಿನದಿಂದ ದಿನಕ್ಕೆ ಮೂರು ಹೊತ್ತು ನನ್ನ ಬೆರಳು ಅವರ ಕೈಯಲ್ಲಿತ್ತು.

ಕೊಡಿ ಹಬ್ಬದ ದಿನ

ಈಗ ನನ್ನ ದಡ್ಡತನದ ಕಥೆಯನ್ನೂ ಹೇಳಲೇಬೇಕು.

ಪಕ್ಕದ ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ರಥೋತ್ಸವ, ನಮ್ಮ ಬಾಯಲ್ಲಿ ಕೊಡಿ ಹಬ್ಬ. ವೃಶ್ಚಿಕ ಮಾಸದ ಹುಣ್ಣಿಮೆಗೆ ಬರುತ್ತದೆ. ಜಾತ್ರೆಗೆ ಹೋದವರು ಕಬ್ಬಿನ ಕೊಡಿ ಹಿಡಿದು ಮನೆಗೆ ಬಂದರೇ ಹಬ್ಬ ಪೂರ್ತಿ. ಆಪರೇಷನ್ ಆಗಿ ಹತ್ತೊಂಬತ್ತನೆಯ ದಿನ ಅದು. ನಾನು ಒತ್ತಾಯಿಸಿ ಎಲ್ಲರನ್ನೂ ಕಳಿಸಿದೆ. ಮೂರು ವಾರದಿಂದ ಇವರೆಲ್ಲ ನನ್ನ ಸುತ್ತವೇ ಕಟ್ಟಿಹಾಕಿದ ಹಾಗೆ ಇದ್ದರು. ಬರುವ ಹೊತ್ತಿಗೆ ಒಂದು ಚಾ ಆದರೂ ಮಾಡಿಡೋಣ ಎನಿಸಿತು. ನಿಜ ಹೇಳಬೇಕೆಂದರೆ ಚಾಕ್ಕಿಂತ, ಮಾಡಿಸಿಕೊಂಡು ಮಾಡಿಸಿಕೊಂಡು ನನಗೆ ನಾಚಿಕೆಯಾಗಿತ್ತು.

ಮುಂಗಾಲಿಗೆ ಭಾರ ಬೀಳದಂತೆ ಹಿಮ್ಮಡಿಯ ಮೇಲೆ ನಡೆಸುವ ಒಂದು ವಿಶೇಷ ಬೂಟು ಕೊಟ್ಟಿದ್ದರು. ಆರು ವಾರ ಅದಿಲ್ಲದೆ ಒಂದು ಹೆಜ್ಜೆಯೂ ಇಡಬಾರದು. ಹತ್ತು ಹೆಜ್ಜೆ ತಾನೆ ಎಂದು ಅದನ್ನು ಹಾಕದೆ, ವಾಕರನ್ನೂ ಬಿಟ್ಟು, ಗೋಡೆ ಹಿಡಿದು ಅಡಿಗೆಮನೆಗೆ ಹೋದೆ. ಹಾಲು ಒಲೆಯ ಮೇಲಿಟ್ಟೆ. ತಿರುಗುವಾಗ ಕೊಡಪಾನದ ಬುಡದಲ್ಲಿ ಚೆಲ್ಲಿದ್ದ ನೀರು. ಬೀಳಲಿಲ್ಲ, ಮೇಜು ಹಿಡಿದುಕೊಂಡೆ. ಆದರೆ ಇಡೀ ಮೈಭಾರ ಬಲಗಾಲಿನ ಮುಂಭಾಗಕ್ಕೆ ಬಂತು. ಕಣ್ಣು ಕತ್ತಲಿಟ್ಟು ಹಾಗೇ ನೆಲಕ್ಕೆ ಕುಸಿದು ಕೂತೆ. ಹಾಲು ಉಕ್ಕಿತು. ಕೈಗೆ ಎಟುಕಿದ್ದರಿಂದ ಗ್ಯಾಸ್ ಮಾತ್ರ ಆರಿಸಿದೆ. ಫೋನು ಚಾವಡಿಯಲ್ಲಿ. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆ, ಹೆದ್ದಾರಿಯಲ್ಲಿ ಜಾತ್ರೆಗೆ ಹೋಗುವ ವಾಹನಗಳ ಸದ್ದು ಕೇಳುತ್ತಾ. ಮೂರು ವಾರದ ಎಲ್ಲರ ಚಾಕರಿಯನ್ನು ಒಂದು ಲೋಟ ಚಾಕ್ಕಾಗಿ ಹಾಳು ಮಾಡಿದೆನೇ ಎಂಬುದೊಂದೇ ಯೋಚನೆ.

ಮಗಳು ಕಬ್ಬಿನ ಜಲ್ಲೆ ಹಿಡಿದು ಓಡಿಬಂದವಳು ನನ್ನನ್ನು ನೋಡಿ ಅದನ್ನು ಅಲ್ಲೇ ಬಿಟ್ಟಳು. ಯಜಮಾನರು ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅತ್ತೆ ಮಾತ್ರ ಉಕ್ಕಿದ ಹಾಲನ್ನೂ ನನ್ನನ್ನೂ ನೋಡಿ, "ಚಾ ನಾವ್ ಹಬ್ಬದಲ್ಲೇ ಕುಡ್ಕಂಡ್ ಬಂತ್ ಮಾರಾಯ್ತಿ" ಎಂದರು.

ಮರುದಿನ ಎಕ್ಸ್‌ರೇ. ಸ್ಕ್ರೂ ಅಲುಗಿರಲಿಲ್ಲ, ಎಲುಬು ಸರಿದಿರಲಿಲ್ಲ. ಬಾವು ಮಾತ್ರ ಮೊದಲ ವಾರದಷ್ಟಕ್ಕೆ ಏರಿತ್ತು. ನೋವು ಹೋದ ಮೇಲೆಯೇ ಎಲ್ಲರೂ ಹೀಗೆ ಮಾಡಿಕೊಳ್ಳುವುದು ಎಂದರು ಡಾಕ್ಟರು. ಎರಡು ಮೂರು ವಾರಕ್ಕೆ ಚರ್ಮ ಕೂಡುತ್ತದೆ, ನೋವು ಇಳಿಯುತ್ತದೆ. ರೋಗಿ ತಾನು ಗುಣವಾದೆ ಎಂದುಕೊಳ್ಳುತ್ತಾನೆ. ಎಲುಬು ಗಟ್ಟಿಯಾಗಲು ಕಡಿಮೆಯೆಂದರೂ ಆರು ವಾರ ಬೇಕು. ನಡುವಿನ ಆ ಮೂರು ವಾರವೇ ಅಪಾಯದ್ದು. ಈ ಲೇಖನ ಓದುವವರಲ್ಲಿ ಯಾರಾದರೂ ಈಗ ಮೂರನೆಯ ವಾರದಲ್ಲಿದ್ದರೆ, ದಯವಿಟ್ಟು ಚಾ ಮಾಡಲು ಏಳಬೇಡಿ.

ಆರನೆಯ ವಾರದ ಎಕ್ಸ್‌ರೇ ನೋಡಿ ಬೂಟು ಬಿಡಿಸಿದರು. ಮರುದಿನವೇ ಓಡಾಡುತ್ತೇನೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಹಳೆಯ ಚಪ್ಪಲಿ ಒಂದೂ ಹಿಡಿಸಲಿಲ್ಲ. ಹಿಂದೆ ಪಟ್ಟಿಯಿರುವ ಅಗಲ ಸ್ಯಾಂಡಲ್ ಒಂದೇ ಗತಿ, ಹವಾಯಿ ಚಪ್ಪಲಿಯನ್ನು ಬೆರಳಲ್ಲಿ ಕಚ್ಚಿ ಹಿಡಿದು ನಡೆಯುವ ಶಕ್ತಿ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಎರಡೂವರೆ ತಿಂಗಳಿಗೆ ಶಾಲೆಗೆ ಹೋದೆ. ಮಕ್ಕಳು ನನಗೆಂದು ಮೇಜಿನ ಕೆಳಗೊಂದು ಸ್ಟೂಲ್ ಇಟ್ಟಿದ್ದರು. ಸಂಜೆಯ ಬಾವು ಐದಾರು ತಿಂಗಳು ಇದ್ದೇ ಇತ್ತು, ವರ್ಷದವರೆಗೂ ಇರಬಹುದಂತೆ. ಆನೆಗುಡ್ಡೆಯ ಏರನ್ನು ಮಾರ್ಚಿನ ಸಂಕಷ್ಟಿಗೆ ಹತ್ತಿದೆ. ಒಂದು ಕಡೆ ನಿಂತೆ, ಅದೂ ನೋವಿಗಲ್ಲ, ಗುರುತಿನವರೊಬ್ಬರು ಸಿಕ್ಕಿ ಬನಿಯನ್ ವಿಚಾರ ಕೇಳಿದ್ದಕ್ಕೆ. ಅಂದು ಮನೆಗೆ ಬಂದಾಗ ಅತ್ತೆ ದೀಪದ ಬುಡದಿಂದ ಕರವಸ್ತ್ರ ತಂದು ಗಂಟು ಬಿಚ್ಚಿದರು. ಉಂಗುರ ಬೆರಳಿಗೆ ಸ್ವಲ್ಪ ಬಿಗಿಯಾಗುತ್ತಿತ್ತು. ಅಕ್ಕಸಾಲಿಗನ ಬಳಿ ಹಿಗ್ಗಿಸಿಕೊಂಡು ಬಂದರು.

ಮೊನ್ನೆ ಶಾಲೆ ಶುರುವಾಗುವ ಮೊದಲು ಮಗಳಿಗೆ ಬೂಟು ತರಬೇಕಿತ್ತು. ಅಂಗಡಿಗೆ ಹೋಗುವ ಮೊದಲು ಹಳೆಯ ಪೇಪರ್ ನೆಲಕ್ಕೆ ಹಾಸಿ ಅವಳನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಬೂಟನ್ನು ಆ ಚಿತ್ರದ ಮೇಲಿಟ್ಟರೆ ಗೆರೆ ಎಲ್ಲೂ ಹೊರಗೆ ಉಳಿಯಬಾರದು, ಉದ್ದದಲ್ಲಿ ಬೆರಳಗಲ ಜಾಗ ಹೆಚ್ಚಿರಬೇಕು. ಸಂಜೆಯ ಹೊತ್ತು ಅಳತೆ ತೆಗೆಯುವುದು ಒಳ್ಳೆಯದು, ಆಗ ಪಾದ ತುಸು ಅರಳಿರುತ್ತದೆ. ಮಗಳ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ಒಂದಿಷ್ಟೇ ಇಷ್ಟು ವಾಲಿದೆ. ನನಗೆ ಕಾಣುತ್ತದೆ. ಡಾಕ್ಟರಿಗೆ ತೋರಿಸಿದ್ದೇವೆ. ನೋವಿಲ್ಲವಲ್ಲ, ಬೆಳೆಯುವ ಮಕ್ಕಳ ಎಲುಬಿಗೆ ಸುಮ್ಮನೆ ಕತ್ತಿ ಹಾಕುವುದಿಲ್ಲ, ಬೂಟು ಅಗಲವಿರಲಿ, ಮನೆಯಲ್ಲಿ ಬರಿಗಾಲಲ್ಲಿ ಓಡಾಡಲಿ, ವರ್ಷಕ್ಕೊಮ್ಮೆ ನೋಡೋಣ ಎಂದಿದ್ದಾರೆ. ಅವಳಿಗೆ ಬೇಕಾಗಿದ್ದದ್ದು ಗೆಳತಿಯರ ಹಾಗೆ ಚೂಪು ಮೂತಿಯದ್ದು. ಮುಖ ಊದಿಸಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಅತ್ತೆ ಬಂದು ಅದೇ ಪೇಪರಿನ ಮೇಲೆ, ಅವಳ ಪಾದದ ಚಿತ್ರದ ಪಕ್ಕದಲ್ಲಿ ತಮ್ಮ ಪಾದ ಇಟ್ಟರು. ಗದ್ದೆಯ ಕೆಸರಿನಲ್ಲಿ, ಅಂಗಳದಲ್ಲಿ, ಹಟ್ಟಿಯಲ್ಲಿ ಎಪ್ಪತ್ತೆಂಟು ವರ್ಷ ನಡೆದ ಪಾದ. ಐದು ಬೆರಳೂ ಒಂದಕ್ಕೊಂದು ತಾಗದೆ ನೆಟ್ಟಗೆ ಕೂತಿದ್ದವು.

"ನಂದೂ ಬರಿ ಕಾಂಬ" ಎಂದರು.

ಮಗಳು ಪೆನ್ಸಿಲ್ ತೆಗೆದುಕೊಂಡು ಕೂತಳು. ಅರ್ಧ ಗೆರೆ ಎಳೆದವಳು ತಲೆಯೆತ್ತಿ, "ಅಜ್ಜೀ, ನಿಮ್ಗೆ ಯಾವ ಅಂಗಡಿಯಲ್ಲೂ ಬೂಟ್ ಸಿಕ್ಕುದಿಲ್ಲ" ಎಂದಳು.